ಒಂದು ಮೊಳೆಯ ಕಪಾಟು

ಭಾಂಡುಪಿನ ನಮ್ಮ ಖೋಲಿಯಲ್ಲಿ ಆರು ಜನ, ಆರು ಮೊಳೆ.
ಬಾಗಿಲ ಹಿಂದಿನದು ಗುರುನಾಥನದು,
ಸ್ವಿಚ್ಚಿನ ಪಕ್ಕದ್ದು ಮೈಬೂಬನದು,
ಕ್ಯಾಲೆಂಡರಿನ ಕೆಳಗೆ ತುಸು ಬಗ್ಗಿ
ನೆಲಕ್ಕೆ ನಮಸ್ಕಾರ ಮಾಡುತ್ತಿರುವುದು ನನ್ನದು.
ನನ್ನ ಕಪಾಟು ಅಂದರೆ ಇಷ್ಟೇ.

ಪರೇಲಿನ ಆಫೀಸಿನಲ್ಲಿ ನೌಕರಿ ಕಾಯಂ ಆದ ದಿನ
ಎಚ್ಚಾರ್ ಹುಡುಗಿ ನಕ್ಕು ಹೇಳಿದಳು:
ಶುಕ್ರವಾರ ಫಾರ್ಮಲ್ ಬೇಡ, ಸ್ಮಾರ್ಟ್ ಕ್ಯಾಶುವಲ್ ಸಾಕು.
ಸಾಕು ಎಂಬ ಮಾತಿಗೇ ನಾನು ಹೆದರಿದೆ.
ಫಾರ್ಮಲ್ ಗೊತ್ತು: ಬಿಳಿ ಅಂಗಿ, ಕರಿ ಪ್ಯಾಂಟು,
ಡಿಗ್ರಿ ಫೋಟೋಕ್ಕೆಂದು ಹೊಲಿಸಿದ್ದು.
ಕ್ಯಾಶುವಲ್ಲೂ ಗೊತ್ತು: ಲುಂಗಿ.
ಇವೆರಡರ ನಡುವೆ ಒಂದು ಊರಿದೆಯೆಂದು
ಯಾವ ಬಸ್ಸಿನ ಬೋರ್ಡಿನಲ್ಲೂ ಓದಿರಲಿಲ್ಲ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಅವ್ವನ ಮಾತು.
ಪರರು ಅಂದರ ಯಾರಬೇ, ಎಂದು ಫೋನಿನಲ್ಲಿ ಕೇಳಿದೆ.
ನಿನ್ನ ಕಡೆ ನೋಡೋರು, ಅಂದಳು.
ಎಂಟೂ ಹನ್ನೆರಡರ ಸ್ಲೋ ಲೋಕಲ್ಲಿನಲ್ಲಿ
ಯಾರೂ ಯಾರ ಕಡೆಗೂ ನೋಡುವುದಿಲ್ಲವ್ವಾ,
ಒಬ್ಬರ ಮೂಗು ಇನ್ನೊಬ್ಬರ ಕಂಕುಳಲ್ಲಿ,
ಇಸ್ತ್ರಿಯ ಗೆರೆ ಘಾಟಕೋಪರಿಗೆ ಇಳಿದುಹೋಗುತ್ತದೆ.

ಮೊದಲ ಸಂಬಳದ ತಪ್ಪು ಇನ್ನೂ ಟ್ರಂಕಿನಲ್ಲಿದೆ:
ಗಿಳಿಹಸಿರು, ಎದೆಯ ಮೇಲೆ ಹಾರುವ ಹದ್ದು.
ಫ್ಯಾಶನ್ ಸ್ಟ್ರೀಟಿನಲ್ಲಿ ಒಂಬೈನೂರು ಎಂದವನನ್ನು
ನಾಲ್ಕುನೂರಕ್ಕೆ ಇಳಿಸಿ, ಗೆದ್ದೆ ಅಂದುಕೊಂಡೆ.
ಒಂದೇ ಒಗೆತಕ್ಕೆ ಹದ್ದು ಕೋಳಿಯಾಯಿತು.

ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಸುಲಭಾ ಮಾವಶಿಯ ಮಶೀನು.
ಅಲ್ಟರೇಶನ್ ಮಾತ್ರ; ಹೊಸದು ಹೊಲಿಯುವುದಿಲ್ಲ.
ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ
ಮರಾಠಿಯಲ್ಲಿ ಬೈಯುತ್ತಾಳೆ, ಒಂದೂ ಉದುರುವುದಿಲ್ಲ.
ನನ್ನ ಹೆಗಲ ಮೂಳೆಯ ಮೇಲೆ ಬೆರಳೊತ್ತಿದಳು:
ಹೊಲಿಗೆ ಇಲ್ಲಿ ಕೂಡಬೇಕು.
ಇಲ್ಲಿ ಕೂತರೆ ಉಳಿದದ್ದು ನನ್ನ ಕತ್ತರಿಗೆ ಬಿಡು,
ಇಲ್ಲಿ ಜಾರಿದರೆ ಅಂಗಿ ನಿನ್ನದಲ್ಲ, ನಿನ್ನಣ್ಣನದು.

ನನಗೆ ಅಣ್ಣನೇ ಇಲ್ಲ.
ಆದರೂ ಇಪ್ಪತ್ಮೂರು ವರ್ಷ ಅವನ ಅಂಗಿಯನ್ನೇ ತೊಟ್ಟಿದ್ದೆ,
ಬೆಳೀತಾನ ಬಿಡು, ಎಂದು ಅಪ್ಪ
ಎರಡು ಬೆರಳು ಹೆಚ್ಚಿಗೆ ಇಡಿಸಿ ಹೊಲಿಸಿದ್ದು.
ಕೈ ಬೆಳೆದವು. ಹೆಗಲು ಇದ್ದಲ್ಲೇ ಉಳಿಯಿತು.

ತಿಂಗಳಿಗೊಂದು. ಉದ್ರಿ ಇಲ್ಲ.
ಜೂನಿನಲ್ಲಿ ಹಿಂದ್‌ಮಾತಾದ ಎಕ್ಸ್‌ಪೋರ್ಟ್ ಅಂಗಡಿಯಲ್ಲಿ
ಮೂರನೆಯ ಗುಂಡಿ ಇಲ್ಲವೆಂದು ಅರ್ಧ ಬೆಲೆಗೆ ಸಿಕ್ಕ ನೀಲಿ,
ಸಂಜೆ ಏಳೂವರೆಯ ನೀಲಿ.
ಜುಲೈಯನ್ನು ಕೊಡೆ ತಿಂದಿತು, ಅದು ಲೆಕ್ಕಕ್ಕಿಲ್ಲ.
ಆಗಸ್ಟಿನಲ್ಲಿ ಒಣಹುಲ್ಲಿನ ಬಣ್ಣದ ಪ್ಯಾಂಟು;
ಮಾವಶಿ ಕಾಲಲ್ಲಿ ಒಂದೂವರೆ ಇಂಚು ಕತ್ತರಿಸಿ
ಆ ತುಂಡನ್ನೂ ಕೈಗಿಟ್ಟಳು: ಬೂಟು ಒರೆಸಿಕೋ.
ಬೂಟು ಬಂದದ್ದು ದೀಪಾವಳಿಗೆ, ಕಂದು, ಲೇಸಿಲ್ಲದ್ದು.
ಅಲ್ಲಿಯವರೆಗೆ ತುಂಡು ಕಾದಿತ್ತು.

ಒಂದೇ ಮೊಳೆಯ ಮೇಲೆ ತೂಗುವವರಿಗೆ ಒಂದು ಕಟ್ಟಳೆ:
ಹೊಸಬ ಹಳಬರೆಲ್ಲರ ಜೊತೆ ಹೊಂದಬೇಕು,
ಇಲ್ಲವೆ ಇಳಿಯಬೇಕು.
ಖೋಲಿಗೂ ಇದೇ ಕಾನೂನು.

ಆ ಶುಕ್ರವಾರ ಯಾರೂ ಏನೂ ಅನ್ನಲಿಲ್ಲ.
ಲಿಫ್ಟಿನ ಕನ್ನಡಿಯಲ್ಲಿ ಒಬ್ಬ ನಿಂತಿದ್ದ,
ನಾನು ಸರಿದು ಅವನಿಗೆ ಜಾಗ ಕೊಟ್ಟೆ.

ಇವತ್ತು ಭಾನುವಾರ. ನೀಲಿ ಅಂಗಿ ಮೊಳೆಯ ಮೇಲಿಲ್ಲ.
ಹೋದ ವಾರ ಮೈಬೂಬ ಇಂಟರ್‌ವ್ಯೂಗೆ ಒಯ್ದು
ಹೊಟ್ಟೆಯ ಗುಂಡಿ ಹರಿದು ತಂದ.
ಹಾಕಿಕೊಡುತ್ತಾ ಮಾವಶಿ ಕೇಳಿದಳು:
ಈ ಅಂಗಿಯೊಳಗೆ ಎಷ್ಟು ಜನ ಇದ್ದೀರೋ?
ಇವತ್ತು ಗುರುನಾಥ. ಹೆಣ್ಣು ನೋಡಲು ಠಾಣೆಗೆ.
ಅವನ ಹೆಗಲು ನನ್ನದಕ್ಕಿಂತ ಒಂದು ಬೆರಳು ಕಡಿಮೆ;
ಹೊರಡುವ ಮುಂಚೆ ಎರಡು ಸಲ ಎಳೆದುಕೊಂಡು
ಜಾರತೈತಲ್ಲೋ, ಅಂದ.
ಇರಲಿ, ಅಂದೆ. ಕೇಳಿದರ ಅಣ್ಣಂದು ಅನ್ನು.

ಲುಂಗಿಯಲ್ಲಿ ಕೂತು ಬೂಟು ಒರೆಸುತ್ತಿದ್ದೇನೆ.
ಇದನ್ನು ಅವನು ಒಯ್ಯಲಿಲ್ಲ, ಕಾಲು ದೊಡ್ಡದು.
ಏನೂ ತೂಗದಾಗ ಮೊಳೆ
ಇನ್ನಷ್ಟು ಬಗ್ಗಿದಂತೆ ಕಾಣುತ್ತದೆ.